ಪಕ್ಕದಲ್ಲಿದ್ದರೂ ಪಕ್ಕವಾದ್ಯವಲ್ಲ

ವೇದಿಕೆಯ ಮೇಲೆ ಸುಮಾರು ಒಂಬತ್ತು ಅಡಿ ಉದ್ದದ ದೊಡ್ಡ ಪಿಯಾನೋ. ಅದರ ಮುಂದೆ ಕುಳಿತವರೊಬ್ಬರು. ಪಿಯಾನೋದ ಬಾಗಿದ ಮಗ್ಗುಲಿನ ಬಳಿ ಪಿಟೀಲನ್ನು ಗದ್ದಕ್ಕೆ ಆನಿಸಿಕೊಂಡು ನಿಂತವರು ಇನ್ನೊಬ್ಬರು. ಮೃದಂಗವಿಲ್ಲ, ತಂಬೂರಿಯಿಲ್ಲ, ಬಹುತೇಕ ಸಂದರ್ಭಗಳಲ್ಲಿ ಮೈಕೂ ಇಲ್ಲ. ಇಬ್ಬರೂ ಅದೇ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಅಧ್ಯಾಪಕರು. ಯುರೋಪ್ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ಸಂಗೀತ ಶಾಲೆಗಳಲ್ಲಿ ಇದು ತೀರಾ ಸಾಮಾನ್ಯವಾದ ನೋಟ. ಓದಲು ಹೋಗಿಯೋ, ಮಕ್ಕಳ ಮನೆಗೆ ಹೋಗಿಯೋ ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು ಇಂಥ ಕಛೇರಿಗೆ ಹೋಗಿ ಕುಳಿತಿರುತ್ತಾರೆ. ಬೆಂಗಳೂರಿನಲ್ಲೂ ಆಗೀಗ ಇಂಥ ಕಛೇರಿಗಳು ನಡೆಯುತ್ತವೆ.

ನಮ್ಮ ಕಛೇರಿಗಳನ್ನು ಕೇಳಿ ಬೆಳೆದವರಿಗೆ ಮೊದಲು ಮೂಡುವ ಪ್ರಶ್ನೆ ಒಂದೇ: ಇಲ್ಲಿ ಮುಖ್ಯ ಕಲಾವಿದರು ಯಾರು? ಪಕ್ಕವಾದ್ಯ ಯಾರದು? ಉತ್ತರವನ್ನೂ ನಾವೇ ಊಹಿಸಿಕೊಂಡುಬಿಡುತ್ತೇವೆ. ಮುಂದೆ ನಿಂತ ಪಿಟೀಲಿನವರು ಮುಖ್ಯರು, ಹಿಂದೆ ಕುಳಿತ ಪಿಯಾನೋದವರು ಅವರಿಗೆ ಒತ್ತಾಸೆ. ನಮ್ಮಲ್ಲಿ ಗಾಯಕರ ಪಕ್ಕದಲ್ಲಿ ಕುಳಿತು ನೆರಳಿನಂತೆ ಹಿಂಬಾಲಿಸುವ ಪಿಟೀಲಿಗೆ ಅಲ್ಲಿ ಬಡ್ತಿ ಸಿಕ್ಕಿದೆ ಎಂದುಕೊಂಡು ಸುಮ್ಮನಾಗುತ್ತೇವೆ.

ಈ ಊಹೆ ನಮ್ಮದು ಮಾತ್ರವಲ್ಲ. ಪಾಶ್ಚಾತ್ಯ ಶ್ರೋತೃಗಳಲ್ಲೂ ಬಹಳ ಮಂದಿ ಹೀಗೆಯೇ ತಿಳಿದಿದ್ದಾರೆ. ಹಳೆಯ ಎಷ್ಟೋ ಧ್ವನಿಮುದ್ರಿಕೆಗಳಲ್ಲಿ ಪಿಟೀಲುವಾದಕರ ಹೆಸರು ದಪ್ಪ ಅಕ್ಷರದಲ್ಲಿ, ಪಿಯಾನೋ ನುಡಿಸಿದವರ ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಆದರೆ ಇಂಥ ಕಛೇರಿಯ ಜೀವಾಳವಾದ 'ಸೊನಾಟಾ' ಎಂಬ ಪ್ರಕಾರದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಅದರಲ್ಲಿ ಪಿಯಾನೋ ಪಕ್ಕವಾದ್ಯವಲ್ಲ. ಅಷ್ಟೇ ಅಲ್ಲ, ಒಂದು ಕಾಲದಲ್ಲಿ ಪಿಟೀಲೇ ಅದಕ್ಕೆ ಪಕ್ಕವಾದ್ಯವಾಗಿತ್ತು!

ಅಧ್ಯಾಪಕರೇ ಏಕೆ?

ಮೊದಲು ಈ ಕಛೇರಿಗಳ ಹಿನ್ನೆಲೆ ನೋಡೋಣ. ಒಬ್ಬಿಬ್ಬರು ಕಲಾವಿದರ ಕಛೇರಿಗೆ ಇಂಗ್ಲಿಷಿನಲ್ಲಿ 'ರಿಸೈಟಲ್' ಎನ್ನುತ್ತಾರೆ. ಈ ಮಾತು ವಾದ್ಯಸಂಗೀತಕ್ಕೆ ಅಂಟಿಕೊಂಡದ್ದು 1840ರಲ್ಲಿ, ಹಂಗೇರಿಯ ಪ್ರಸಿದ್ಧ ಪಿಯಾನೋವಾದಕ ಫ್ರಾಂಜ್ ಲಿಸ್ಟ್ ಲಂಡನ್ನಿನಲ್ಲಿ ನುಡಿಸಿದಾಗ. ಕವಿತೆಯನ್ನು ವಾಚಿಸುವುದು ಸರಿ, ಪಿಯಾನೋದ ಮೇಲೆ ವಾಚನ ಮಾಡುವುದು ಹೇಗೆ ಎಂದು ಅಂದಿನವರು ಅಚ್ಚರಿಪಟ್ಟಿದ್ದರು.

ಸಂಗೀತವನ್ನು ಸಂಸ್ಥೆ ಕಟ್ಟಿ ಕಲಿಸುವ ಕ್ರಮಕ್ಕೆ ದೊಡ್ಡ ಮಾದರಿಯಾದದ್ದು 1795ರಲ್ಲಿ ಸ್ಥಾಪನೆಯಾದ ಪ್ಯಾರಿಸ್ಸಿನ ಕನ್ಸರ್ವೇಟ್ವಾರ್. ಕಲಿಸುವವರು ಸ್ವತಃ ನುಡಿಸುವವರಾಗಿರಬೇಕು ಎಂಬುದು ಇಂಥ ಸಂಸ್ಥೆಗಳ ಮೊದಲಿನಿಂದಲೂ ಬಂದ ನಂಬಿಕೆ. 1869ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಸಂಗೀತ ಶಾಲೆಯ ಮುಖ್ಯಸ್ಥನಾಗಿದ್ದ ಯೋಸೆಫ್ ಯೋಆಖಿಮ್ ಅಂದಿನ ಯುರೋಪಿನ ಅಗ್ರಗಣ್ಯ ಪಿಟೀಲುವಾದಕ. 1878ರಿಂದ ಫ್ರಾಂಕ್‌ಫರ್ಟಿನಲ್ಲಿ ಪಾಠ ಹೇಳಿದ ಕ್ಲಾರಾ ಶೂಮನ್ ಅಗ್ರಗಣ್ಯ ಪಿಯಾನೋವಾದಕಿ. ಇವರಿಬ್ಬರೂ ಜೊತೆಯಾಗಿ ನುಡಿಸಿದ ಕಛೇರಿಗಳು ಲೆಕ್ಕವಿಲ್ಲದಷ್ಟು.

ಆ ಪದ್ಧತಿ ಇಂದಿಗೂ ಉಳಿದಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಸಂಗೀತದ ಅಧ್ಯಾಪಕರ ಕಛೇರಿಗೆ ಬೇರೆ ವಿಭಾಗದವರ ಸಂಶೋಧನ ಪ್ರಬಂಧಕ್ಕೆ ಇರುವಂಥ ಮನ್ನಣೆಯೇ ಇದೆ. ಮುಂದಿನ ಸಾಲಿನಲ್ಲಿ ಶಿಷ್ಯರು ಕುಳಿತಿರುತ್ತಾರೆ. ಪಿಯಾನೋ ನುಡಿಸುವವರ ಪಕ್ಕದಲ್ಲಿ ಕುಳಿತು, ಸರಿಯಾದ ಕ್ಷಣಕ್ಕೆ ಎದ್ದು ಹಾಳೆ ತಿರುಗಿಸುವವರೂ ಬಹುಮಟ್ಟಿಗೆ ಶಿಷ್ಯರೇ. ನಮ್ಮಲ್ಲಿ ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುವ ಹುಡುಗ ಸಂಗೀತದ ಒಳಗುಟ್ಟನ್ನು ಕಲಿಯುವಂತೆ ಇಲ್ಲಿ ಹಾಳೆ ತಿರುಗಿಸುವ ಹುಡುಗಿಯೂ ಕಲಿಯುತ್ತಾಳೆ.

ಪಿಟೀಲೇ ಪಕ್ಕವಾದ್ಯವಾಗಿದ್ದ ಕಾಲ

1764ರಲ್ಲಿ ಪ್ಯಾರಿಸ್ಸಿನಲ್ಲಿ ಎಂಟು ವರ್ಷದ ಬಾಲಕನೊಬ್ಬನ ಸೊನಾಟಾಗಳು ಅಚ್ಚಾದವು. ಬಾಲಕನ ಹೆಸರು ಮೊಜಾರ್ಟ್. ಪುಸ್ತಕದ ಮೊದಲ ಪುಟದ ಪ್ರಕಾರ ಅವು ಪಿಯಾನೋಗಿಂತ ಹಳೆಯ ಮಣೆವಾದ್ಯವಾದ ಹಾರ್ಪ್ಸಿಕಾರ್ಡಿಗಾಗಿ ಬರೆದವು. ಬೇಕಿದ್ದರೆ ಪಿಟೀಲಿನ ಸಹಾಯವನ್ನೂ ಪಡೆಯಬಹುದು. ಅಂದರೆ ಪಿಟೀಲು ಇದ್ದರೂ ನಡೆದೀತು, ಇಲ್ಲದಿದ್ದರೂ ನಡೆದೀತು. 1778ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಮೊಜಾರ್ಟ್‌ನ ಇನ್ನೂ ಆರು ಸೊನಾಟಾಗಳು ಪ್ರಕಟವಾದಾಗಲೂ ಪಿಟೀಲಿಗೆ ಕೊಟ್ಟ ಸ್ಥಾನ 'ಸಹವಾದ್ಯ'ದ್ದೇ.

ಇದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ಮಾರುಕಟ್ಟೆ. ಇಂಥ ಪುಸ್ತಕಗಳನ್ನು ಕೊಳ್ಳುತ್ತಿದ್ದುದು ಅನುಕೂಲಸ್ಥ ಮನೆತನಗಳು. ಮನೆಯ ಹೆಣ್ಣುಮಕ್ಕಳು ಮಣೆವಾದ್ಯ ಕಲಿಯುವುದು ವಾಡಿಕೆ. ಅವರ ಕೈ ಪಳಗಿರುತ್ತಿತ್ತು. ಮನೆಗೆ ಬಂದ ಗಂಡಸರು ಹವ್ಯಾಸಕ್ಕೆ ಪಿಟೀಲು ಉಜ್ಜುತ್ತಿದ್ದರು. ಅವರಿಗೆ ಸುಲಭದ ಸಾಲುಗಳೇ ಬೇಕಿತ್ತು. ಎರಡನೆಯದು ವಾದ್ಯದ ಮಿತಿ. ಸುಮಾರು 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಕಂಡುಹಿಡಿದ ಪಿಯಾನೋ ಆಗಿನ್ನೂ ಮರದ ಚೌಕಟ್ಟಿನ ಹಗುರ ವಾದ್ಯ. ಸುತ್ತಿಗೆ ಬಡಿದೊಡನೆ ಹುಟ್ಟಿದ ನಾದ ಬೇಗ ಆರಿಹೋಗುತ್ತಿತ್ತು. ಕಮಾನಿನಿಂದ ನಾದವನ್ನು ಎಳೆದು ನಿಲ್ಲಿಸಬಲ್ಲ ಪಿಟೀಲು ಆ ಕೊರತೆಯನ್ನು ತುಂಬುತ್ತಿತ್ತು.

ಮೊಜಾರ್ಟ್ ಬೆಳೆದಂತೆ ಪಿಟೀಲಿಗೂ ಮಾತು ಬಂತು. 1784ರ ಏಪ್ರಿಲ್ 29ರಂದು ವಿಯೆನ್ನಾದಲ್ಲಿ ರೆಜಿನಾ ಸ್ತ್ರಿನಸಾಕಿ ಎಂಬ ಇಟಲಿಯ ಯುವ ಪಿಟೀಲುವಾದಕಿಯ ಕಛೇರಿ. ಅವಳಿಗಾಗಿ ಹೊಸ ಸೊನಾಟಾ ಬರೆಯಲು ಮೊಜಾರ್ಟ್ ಒಪ್ಪಿದ್ದ. ದಿನ ಹತ್ತಿರ ಬಂದರೂ ಬರವಣಿಗೆ ಮುಗಿಯಲಿಲ್ಲ. ಹೇಗೋ ಪಿಟೀಲಿನ ಭಾಗವನ್ನು ಬರೆದು ಅವಳ ಕೈಗೆ ಕೊಟ್ಟು, ತಾನು ಮಾತ್ರ ಬಹುಪಾಲು ಖಾಲಿ ಹಾಳೆಯನ್ನು ಎದುರಿಗಿಟ್ಟುಕೊಂಡು ನೆನಪಿನಿಂದಲೇ ಪಿಯಾನೋ ನುಡಿಸಿದನಂತೆ. ಚಕ್ರವರ್ತಿ ಎರಡನೇ ಜೋಸೆಫ್ ತನ್ನ ದುರ್ಬೀನಿನಿಂದ ಇದನ್ನು ಪತ್ತೆ ಮಾಡಿದ ಎಂಬ ಕಥೆಯೂ ಇದೆ. ಕಥೆಯ ಮಾತು ಹಾಗಿರಲಿ. ಉಳಿದುಬಂದಿರುವ ಹಸ್ತಪ್ರತಿಯಲ್ಲಿ ಪಿಯಾನೋ ಭಾಗದ ಮಸಿಯ ಬಣ್ಣ ಬೇರೆ, ಅಕ್ಷರಗಳೂ ಇಕ್ಕಟ್ಟಾಗಿವೆ. ಅದನ್ನು ಆಮೇಲೆ ತುರುಕಿದ್ದು ಸ್ಪಷ್ಟ.

ಮುಂಜಾನೆ ಎಂಟಕ್ಕೆ ಬೀಥೋವನ್

ಸರಿಸಮಾನತೆಗೆ ಮುದ್ರೆ ಒತ್ತಿದವನು ಬೀಥೋವನ್. ಅವನು ಪಿಟೀಲು ಮತ್ತು ಪಿಯಾನೋಗೆ ಬರೆದ ಸೊನಾಟಾಗಳು ಹತ್ತು. ಒಂಬತ್ತನೆಯದು 'ಕ್ರಾಯ್ಟ್ಸರ್ ಸೊನಾಟಾ' ಎಂದು ಜಗತ್ಪ್ರಸಿದ್ಧ. ಸುಮಾರು ನಲವತ್ತು ನಿಮಿಷಗಳ ಈ ಕೃತಿಯಲ್ಲಿ ಎರಡು ವಾದ್ಯಗಳೂ ಪಂಥ ಕಟ್ಟಿದಂತೆ ಎದುರುಬದುರಾಗುತ್ತವೆ.

1803ರ ಮೇ 24ರಂದು ಮುಂಜಾನೆ ಎಂಟು ಗಂಟೆಗೆ ವಿಯೆನ್ನಾದ ಔಗಾರ್ಟನ್ ಉದ್ಯಾನದಲ್ಲಿ ಇದು ಮೊದಲ ಸಲ ಕೇಳಿಬಂತು. ಪಿಟೀಲು ನುಡಿಸಿದವನು ಜಾರ್ಜ್ ಬ್ರಿಜ್‌ಟವರ್, ಆಫ್ರಿಕಾ ಮೂಲದ ತಂದೆಯ ಮಗ, ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದವನು. ಮಸಿ ಆರುವ ಮುನ್ನವೇ ಹಾಳೆಗಳು ವೇದಿಕೆಗೆ ಬಂದಿದ್ದವು. ಒಂದು ಭಾಗವನ್ನು ಬೀಥೋವನ್‌ನ ಹಸ್ತಪ್ರತಿಯಿಂದಲೇ ಓದಿಕೊಂಡು ನುಡಿಸಬೇಕಾಯಿತು. ನಡುವೆ ಪಿಯಾನೋದಲ್ಲಿ ಹರಿದ ಒಂದು ವೇಗದ ಸಂಗತಿಯನ್ನು ಬ್ರಿಜ್‌ಟವರ್ ಥಟ್ಟನೆ ತನ್ನ ಪಿಟೀಲಿನಲ್ಲಿ ಪ್ರತಿಧ್ವನಿಸಿದ. ಬರೆದದ್ದರಲ್ಲಿ ಅದು ಇರಲಿಲ್ಲ. ಬೀಥೋವನ್ ಎದ್ದುಹೋಗಿ ಅವನನ್ನು ತಬ್ಬಿಕೊಂಡನೆಂದು ಬ್ರಿಜ್‌ಟವರ್ ನೆನಪಿಸಿಕೊಂಡಿದ್ದಾನೆ. ಮನೋಧರ್ಮಕ್ಕೆ ತಲೆದೂಗುವ ನಮ್ಮ ರಸಿಕರಿಗೆ ಈ ಗಳಿಗೆ ಅಪರಿಚಿತವೇನಲ್ಲ.

ಮುಂದೆ ಇಬ್ಬರಿಗೂ ಮನಸ್ತಾಪವಾಯಿತು. 1805ರಲ್ಲಿ ಸೊನಾಟಾ ಅಚ್ಚಾದಾಗ ಅದನ್ನು ಅರ್ಪಿಸಿದ್ದು ಬೇರೊಬ್ಬನಿಗೆ: ಪ್ಯಾರಿಸ್ ಕನ್ಸರ್ವೇಟ್ವಾರ್‌ನ ಪಿಟೀಲು ಪ್ರಾಧ್ಯಾಪಕ ರೊಡಾಲ್ಫ್ ಕ್ರಾಯ್ಟ್ಸರ್‌ಗೆ. ಅವನು ವಿದ್ಯಾರ್ಥಿಗಳಿಗಾಗಿ ಬರೆದ 42 ಅಭ್ಯಾಸಪಾಠಗಳನ್ನು ಇಂದಿಗೂ ಪಾಶ್ಚಾತ್ಯ ಪಿಟೀಲು ಕಲಿಯುವವರು ಬಾಯಿಪಾಠದಂತೆ ನುಡಿಸುತ್ತಾರೆ. ವಿಪರ್ಯಾಸವೆಂದರೆ, ತನ್ನ ಹೆಸರನ್ನು ಅಮರಗೊಳಿಸಿದ ಸೊನಾಟಾವನ್ನು ಆತ ಒಮ್ಮೆಯೂ ಸಾರ್ವಜನಿಕವಾಗಿ ನುಡಿಸಲಿಲ್ಲ ಎನ್ನುತ್ತಾರೆ.

ಕತ್ತಲಲ್ಲಿ ಒಂದು ಕಛೇರಿ

ಅಧ್ಯಾಪಕರ ಕಛೇರಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಇನ್ನೊಂದು ಕೃತಿ ಸೀಸರ್ ಫ್ರಾಂಕ್ ರಚಿಸಿದ ಸೊನಾಟಾ. ಫ್ರಾಂಕ್ ಬೆಲ್ಜಿಯಂನ ಲೀಜ್‌ನಲ್ಲಿ ಹುಟ್ಟಿದವನು. 1872ರಿಂದ ಪ್ಯಾರಿಸ್ ಕನ್ಸರ್ವೇಟ್ವಾರ್‌ನಲ್ಲಿ ಆರ್ಗನ್ ವಾದ್ಯದ ಪ್ರಾಧ್ಯಾಪಕ. ಅದೇ ಲೀಜ್ ಊರಿನ ಯೂಜೀನ್ ಇಸಾಯಿ ಅವನಿಗಿಂತ 36 ವರ್ಷ ಕಿರಿಯ. ಇಸಾಯಿಗೆ 1886ರಲ್ಲಿ ಬ್ರಸೆಲ್ಸ್‌ನ ಕನ್ಸರ್ವೇಟ್ವಾರ್‌ನಲ್ಲಿ ಪಿಟೀಲು ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಅದೇ ವರ್ಷ ಮದುವೆಯೂ ಆಯಿತು. ಅರವತ್ಮೂರು ವರ್ಷದ ಫ್ರಾಂಕ್ ಕಳಿಸಿದ ಉಡುಗೊರೆಯೇ ಈ ಸೊನಾಟಾ. ಮದುವೆಗೆ ಬಂದಿದ್ದ ಅತಿಥಿಗಳಲ್ಲಿ ಲಿಯೊಂತೀನ್ ಬೋರ್ದ್-ಪೆನ್ ಎಂಬ ಪಿಯಾನೋವಾದಕಿ ಇದ್ದಳು. ಅವಳೊಡನೆ ತರಾತುರಿಯಲ್ಲಿ ಒಂದು ಸಲ ನೋಡಿಕೊಂಡು, ಮದುಮಗನೇ ಅದನ್ನು ಅತಿಥಿಗಳ ಮುಂದೆ ನುಡಿಸಿದ.

ಸಾರ್ವಜನಿಕರ ಮುಂದೆ ಮೊದಲ ಪ್ರಯೋಗ ನಡೆದದ್ದು ಅದೇ ವರ್ಷ ಡಿಸೆಂಬರ್ 16ರಂದು, ಬ್ರಸೆಲ್ಸ್‌ನ ಆಧುನಿಕ ಚಿತ್ರಕಲಾ ಸಂಗ್ರಹಾಲಯದಲ್ಲಿ. ಫ್ರಾಂಕ್‌ನ ಶಿಷ್ಯ ವೆನ್ಸಾಂ ದಾಂಡಿ ಅದರ ವಿವರ ಬರೆದಿಟ್ಟಿದ್ದಾನೆ. ಮಧ್ಯಾಹ್ನ ಶುರುವಾದ ಕಛೇರಿಯಲ್ಲಿ ಸೊನಾಟಾದ ಸರದಿ ಬಂದದ್ದು ಕಟ್ಟಕಡೆಗೆ. ಚಳಿಗಾಲದ ಹಗಲು ಬೇಗ ಮುಗಿದಿತ್ತು. ಚಿತ್ರಗಳಿಗೆ ಹಾನಿಯಾದೀತೆಂದು ಅಲ್ಲಿ ದೀಪ ಹಚ್ಚುವಂತಿರಲಿಲ್ಲ. ಮೊದಲ ಭಾಗ ಮುಗಿಯುವಷ್ಟರಲ್ಲಿ ಹಾಳೆಯ ಮೇಲಿನ ಸ್ವರಗಳೇ ಕಾಣದಂತಾಯಿತು. ಸಭಿಕರನ್ನು ಕಳಿಸಿಬಿಡುವ ಮಾತು ಬಂತು, ಯಾರೂ ಕದಲಲಿಲ್ಲ. ಆಗ ಇಸಾಯಿ ಕಮಾನಿನಿಂದ ಸ್ಟ್ಯಾಂಡನ್ನು ತಟ್ಟಿ, ಮುಂದುವರಿಸೋಣವೆಂದು ಸೂಚಿಸಿದ. ಉಳಿದ ಮೂರು ಭಾಗಗಳನ್ನು ಇಬ್ಬರೂ ಕತ್ತಲಲ್ಲೇ, ನೆನಪಿನಿಂದಲೇ ನುಡಿಸಿ ಮುಗಿಸಿದರು.

ಈ ಪ್ರಸಂಗವನ್ನು ಹೇಳುವವರೆಲ್ಲ ಇಸಾಯಿಯನ್ನು ಕೊಂಡಾಡುತ್ತಾರೆ. ಆದರೆ ಬೋರ್ದ್-ಪೆನ್ ಮಾಡಿದ್ದೇನು ಎಂದು ಸ್ವಲ್ಪ ಯೋಚಿಸಬೇಕು. ಫ್ರಾಂಕ್‌ನ ಅಂಗೈ ತುಂಬ ಅಗಲ. ಅವನು ತನ್ನ ಕೈಯಳತೆಗೆ ಬರೆದ ಪಿಯಾನೋ ಭಾಗಗಳು ಬೇರೆಯವರ ಬೆರಳು ಮುರಿಯುವಂಥವು. ಈ ಸೊನಾಟಾದ ಎರಡನೆಯ ಭಾಗವಂತೂ ಪಿಯಾನೋದವರ ಪಾಲಿಗೆ ಬಿರುಗಾಳಿ. ಪಿಟೀಲಿನವರು ಒಂದು ಸ್ವರ ನುಡಿಸುವಲ್ಲಿ ಪಿಯಾನೋದವರು ಹತ್ತಾರು ಸ್ವರಗಳನ್ನು ನುಡಿಸಬೇಕು. ಅದನ್ನು ಅವಳು ಮನೆಗಳೂ ಸರಿಯಾಗಿ ಕಾಣದ ಕತ್ತಲಲ್ಲಿ ನುಡಿಸಿದ್ದಳು. 1890ರಲ್ಲಿ ಪಾರ್ಶ್ವವಾಯು ಬಡಿದು ಅವಳ ಕಛೇರಿಗಳು ನಿಂತುಹೋದವು. ಇಂದು ಅವಳ ಹೆಸರು ತಿಳಿದಿರುವವರು ವಿರಳ.

ಈ ಸೊನಾಟಾದ ಕೊನೆಯ ಭಾಗ ನಮ್ಮ ಕಿವಿಗೆ ಬೇಗ ಹತ್ತಿರವಾಗುತ್ತದೆ. ಅಲ್ಲಿ ಪಿಯಾನೋ ಒಂದು ಸರಳ, ಪ್ರಸನ್ನ ರಾಗದ ಎಳೆಯನ್ನು ಆರಂಭಿಸುತ್ತದೆ. ಒಂದು ಆವರ್ತದಷ್ಟು ಹಿಂದೆ ಉಳಿದು ಪಿಟೀಲು ಅದನ್ನೇ ನುಡಿಸುತ್ತ ಬರುತ್ತದೆ. ಪಿಯಾನೋ ಕಾಯುವುದಿಲ್ಲ, ಮುಂದೆ ಸಾಗುತ್ತಲೇ ಇರುತ್ತದೆ. ನಮ್ಮ ಆಲಾಪನೆಯಲ್ಲಿ ಗಾಯಕರನ್ನು ಪಿಟೀಲು ಹಿಂಬಾಲಿಸುವಂತೆ ಇಲ್ಲಿ ಪಿಯಾನೋವನ್ನು ಪಿಟೀಲು ಹಿಂಬಾಲಿಸುತ್ತದೆ! ಪಾಶ್ಚಾತ್ಯರು ಈ ತಂತ್ರವನ್ನು 'ಕ್ಯಾನನ್' ಎನ್ನುತ್ತಾರೆ. ಮೊದಲು ಮಾತಾಡುವವರು ಯಾರು ಎಂದು ಗಮನಿಸಿದರೆ ಪಕ್ಕವಾದ್ಯದ ಊಹೆ ಅಲ್ಲಿಗೇ ಬಿದ್ದುಹೋಗುತ್ತದೆ.

ಎರಡು ಸ್ವಭಾವ, ಒಂದು ಶ್ರುತಿ

ಇವೆರಡೂ ಜೊತೆಗೂಡುವುದು ಸುಲಭದ ಮಾತಲ್ಲ. ಪಿಟೀಲಿನ ತೂಕ ಅರ್ಧ ಕಿಲೋ ಕೂಡ ಇಲ್ಲ. ಕಛೇರಿಯ ಪಿಯಾನೋದ ತೂಕ ಐನೂರು ಕಿಲೋ ಸಮೀಪ. ಪಿಟೀಲಿಗೆ ನಾಲ್ಕು ತಂತಿ. ಪಿಯಾನೋಗೆ 88 ಮನೆ, ಇನ್ನೂರಕ್ಕೂ ಹೆಚ್ಚು ತಂತಿ. ಆ ತಂತಿಗಳ ಬಿಗಿತವನ್ನು ತಡೆಯಲು ಒಳಗೆ ಕಬ್ಬಿಣದ ಚೌಕಟ್ಟೇ ಬೇಕು. ಪಿಯಾನೋದವರು ಮೈಮರೆತರೆ ಪಿಟೀಲು ಮುಳುಗಿಹೋಗುತ್ತದೆ. ಆದ್ದರಿಂದಲೇ ಪಿಯಾನೋದ ಮುಚ್ಚಳವನ್ನು ಎಷ್ಟು ಎತ್ತಬೇಕು ಎಂಬುದು ತಾಲೀಮಿನಲ್ಲಿ ದೊಡ್ಡ ಚರ್ಚೆಯ ವಿಷಯ. ಮೈಕಿಲ್ಲದ ಸಭಾಂಗಣದಲ್ಲಿ ಪಿಟೀಲು ಕೇಳಿಸಬೇಕಾದ ಕಷ್ಟ ನಮಗೂ ಗೊತ್ತು. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ರೂಪಿಸಿಕೊಂಡದ್ದು ಇದೇ ಕಾರಣಕ್ಕೆ.

ಶ್ರುತಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಪಿಯಾನೋದಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಯಾವ ಸ್ವರವನ್ನು ಆಧಾರವಾಗಿ ಹಿಡಿದರೂ ನಡೆಯಲಿ ಎಂಬ ಅನುಕೂಲಕ್ಕಾಗಿ ಮಾಡಿಕೊಂಡ ರಾಜಿ ಇದು. ಹೀಗಾಗಿ ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಅಂತರ ಗಾಂಧಾರಕ್ಕಿಂತ ಪಿಯಾನೋದ ಗಾಂಧಾರ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಏರಿರುತ್ತದೆ. ಪಂಚಮ ಕೂದಲೆಳೆಯಷ್ಟು ತಗ್ಗಿರುತ್ತದೆ. ಪಿಟೀಲಿಗಾದರೋ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳು ಇಟ್ಟಲ್ಲೇ ಸ್ವರ. ಶುದ್ಧ ಗಾಂಧಾರವನ್ನೂ ಹಿಡಿಯಬಹುದು, ಪಿಯಾನೋದ ಗಾಂಧಾರಕ್ಕೂ ಹೊಂದಿಕೊಳ್ಳಬಹುದು. ಎಲ್ಲಿ ಹೊಂದಿಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬ ವಿವೇಚನೆಯೇ ಪಿಟೀಲುವಾದಕರ ಪರಿಣತಿ. ಗಮಕ, ಮೀಂಡ್ ಬಾರದೆಂಬ ಆಕ್ಷೇಪದ ಮೇಲೆ 1940ರಲ್ಲಿ ಆಕಾಶವಾಣಿಯಿಂದ ಹೊರಬಿದ್ದ ಹಾರ್ಮೋನಿಯಂ 1970ರ ದಶಕದವರೆಗೂ ಹೊರಗೇ ಉಳಿದಿತ್ತು. ಅದೇ ಜಗಳ ಈ ಜೋಡಿಯ ನಡುವೆ ಪ್ರತಿ ಕಛೇರಿಯಲ್ಲೂ ಸದ್ದಿಲ್ಲದೆ ನಡೆದು, ಸದ್ದಿಲ್ಲದೆ ರಾಜಿಯಾಗುತ್ತಿರುತ್ತದೆ.

ಇನ್ನೊಂದು ಸಂಗತಿ ಸಭಿಕರ ಕಣ್ಣಿಗೆ ಬೀಳುವುದೇ ಇಲ್ಲ. ಪಿಟೀಲಿನವರ ಮುಂದಿರುವ ಹಾಳೆಯಲ್ಲಿ ಅವರ ಪಾಲಿನ ಸ್ವರಗಳಷ್ಟೇ ಇರುವುದು ರೂಢಿ. ಪಿಯಾನೋದವರ ಪುಸ್ತಕದಲ್ಲಿ ಅವರ ಎರಡು ಕೈಗಳ ಸಾಲುಗಳ ಮೇಲೆ ಪಿಟೀಲಿನ ಸಾಲೂ ಸಣ್ಣದಾಗಿ ಅಚ್ಚಾಗಿರುತ್ತದೆ. ಇಡೀ ಕೃತಿ ಒಟ್ಟಿಗೆ ಕಣ್ಣೆದುರಿಗಿರುವುದು 'ಪಕ್ಕವಾದ್ಯ'ದವರಿಗೆ!

ಮೈಸೂರಿನ ನಂಟು

ಈ ಸಂಗೀತಕ್ಕೂ ಕರ್ನಾಟಕಕ್ಕೂ ಗಟ್ಟಿಯಾದ ಒಂದು ನಂಟಿದೆ. ಕರ್ನಾಟಕ ಶೈಲಿಯಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದಲ್ಲೂ ನುರಿತವರು, ಪಿಯಾನೋ ಬಲ್ಲವರು. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನ ಸಂಗೀತ ಅವರಿಗೆ ಅಚ್ಚುಮೆಚ್ಚು. ಮೆಟ್ನರ್ ಹಿಂದೆ ಮಾಸ್ಕೋ ಕನ್ಸರ್ವೇಟರಿಯಲ್ಲಿ ಅಧ್ಯಾಪಕನಾಗಿದ್ದವನು. ಇಳಿವಯಸ್ಸಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ಅವನನ್ನು ಲೋಕ ಬಹುಮಟ್ಟಿಗೆ ಮರೆತಿತ್ತು. 1940ರ ದಶಕದ ಕೊನೆಯಲ್ಲಿ ಮಹಾರಾಜರು ಹಣ ಒದಗಿಸಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು. 1951ರಲ್ಲಿ ತೀರಿಕೊಳ್ಳುವ ಮುನ್ನ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಗ್ರಾಮಫೋನ್ ಮುದ್ರಿಕೆಗಳಲ್ಲಿ ಉಳಿಸುವಂತಾದದ್ದು ಇದರಿಂದ. ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.

ಮೆಟ್ನರ್ ಪಿಟೀಲು ಮತ್ತು ಪಿಯಾನೋಗೆ ಮೂರು ಸೊನಾಟಾಗಳನ್ನು ಬರೆದಿದ್ದಾನೆ. ಮೂರನೆಯದರ ಹೆಸರು 'ಎಪಿಕಾ', ಅಂದರೆ ಮಹಾಕಾವ್ಯದಂಥದ್ದು. 1938ರಲ್ಲಿ ಮುಗಿದ ಇದು ಹೆಸರಿಗೆ ತಕ್ಕಂತೆ ದೀರ್ಘವಾದ ಕೃತಿ. ಅವನೇ ದೊಡ್ಡ ಪಿಯಾನೋವಾದಕನಾಗಿದ್ದರಿಂದ ಪಿಯಾನೋದ ಹೊರೆ ಪಿಟೀಲಿಗಿಂತ ಒಂದು ಹಿಡಿ ಹೆಚ್ಚೇ. ಇಂಥ ಕೃತಿಗಳಿಗೆ ತಿಂಗಳುಗಟ್ಟಲೆ ತಾಲೀಮು ಬೇಕು. ಟಿಕೆಟಿನ ಲೆಕ್ಕ ನೋಡುವ ಸಂಘಟಕರು ಇದರತ್ತ ಸುಳಿಯುವುದು ಕಡಿಮೆ. ಇವು ಬದುಕಿ ಉಳಿಯಲು ಜೊತೆಯಲ್ಲೇ ಕೆಲಸ ಮಾಡುವ, ಲಾಭದ ಹಂಗಿಲ್ಲದ ಅಧ್ಯಾಪಕರ ಕಛೇರಿಗಳು ನೆರವಾಗುತ್ತವೆ.

ಕೇಳುವುದು ಹೇಗೆ?

ಮೊದಲ ಸಲ ಇಂಥ ಕಛೇರಿಗೆ ಹೋಗುವವರಿಗೆ ಕೆಲವು ಮಾತು. ಸೊನಾಟಾದಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಭಾಗಗಳಿರುತ್ತವೆ. ಕಾರ್ಯಕ್ರಮದ ಹಾಳೆಯಲ್ಲಿ ಇಟಲಿಯ ಭಾಷೆಯಲ್ಲಿ ಅಚ್ಚಾಗಿರುವ 'ಅಲೆಗ್ರೊ', 'ಅಡಾಜಿಯೊ' ಮುಂತಾದವು ಕಾಲಪ್ರಮಾಣದ ಸೂಚನೆಗಳು: ಮೊದಲನೆಯದು ಚುರುಕು, ಎರಡನೆಯದು ವಿಳಂಬ. ಭಾಗಗಳ ನಡುವೆ ಚಪ್ಪಾಳೆ ತಟ್ಟದೆ ಕೃತಿ ಮುಗಿಯುವವರೆಗೆ ಕಾಯುವುದು ಇಂದಿನ ರೂಢಿ.

ರಾಗವನ್ನು ಹುಡುಕಿ ನಿರಾಶರಾಗಬೇಡಿ. ನಾವು ಒಂದೇ ಎಳೆಯ ಸೊಗಸನ್ನು ಹಿಡಿದು ಹೋಗುವವರು. ಅವರು ಹಲವು ಸ್ವರಗಳನ್ನು ಏಕಕಾಲಕ್ಕೆ ಕೂಡಿಸಿ ಅದರ ನೆರಳುಬೆಳಕಿನಲ್ಲಿ ಭಾವ ಹುಟ್ಟಿಸುವವರು. ಪಿಟೀಲು ಅದೇ ಸ್ವರದಲ್ಲಿ ನಿಂತಿರುವಾಗ ಪಿಯಾನೋ ಕೆಳಗಿನ ಸ್ವರಗಳನ್ನು ಬದಲಿಸಿತೆಂದರೆ, ಆ ನಿಂತ ಸ್ವರದ ಬಣ್ಣವೇ ಬೇರೆಯಾಗುತ್ತದೆ. ಪಿಟೀಲನ್ನಷ್ಟೇ ಕೇಳುತ್ತಿದ್ದವರಿಗೆ ಅಲ್ಲೇನೂ ಆದಂತೆ ತೋರುವುದಿಲ್ಲ. ಪಿಯಾನೋವನ್ನೂ ಕೇಳಿದವರಿಗೆ ಅಲ್ಲೇ ಕೃತಿಯ ತಿರುವು.

ಅದಕ್ಕಾಗಿ ಒಂದು ಸುಲಭ ಉಪಾಯವಿದೆ. ಕೃತಿಯ ಮೊದಲ ಕೆಲವು ನಿಮಿಷ ನಿಂತವರನ್ನು ಬಿಟ್ಟು ಕುಳಿತವರ ಕೈಗಳನ್ನು ನೋಡಿ. ಪಿಯಾನೋದ ಎಡಗೈ ಎಲ್ಲಿ ಅಡಿಪಾಯ ಹಾಕುತ್ತಿದೆ, ಬಲಗೈ ಯಾವಾಗ ಪಿಟೀಲಿನ ಮಾತನ್ನು ಕಸಿದುಕೊಳ್ಳುತ್ತಿದೆ ಎಂದು ಕಿವಿಗೊಡಿ. ಪಿಟೀಲಿನವರು ಮುಂದಿನ ಸಾಲು ಎತ್ತುವ ಮುನ್ನ ಉಸಿರೆಳೆದುಕೊಳ್ಳುವುದು, ಪಿಯಾನೋದವರು ಆ ಉಸಿರಿಗೆ ಕಾದು ಜೊತೆಗೂಡುವುದು ಹತ್ತಿರದ ಸಾಲಿನವರಿಗೆ ಕೇಳಿಸುತ್ತದೆ. ಆಮೇಲೆ ಎರಡನ್ನೂ ಒಟ್ಟಿಗೆ ಕೇಳುವುದು ತಾನಾಗಿ ಬರುತ್ತದೆ.

ಕೊನೆಯಲ್ಲಿ ಇಬ್ಬರೂ ಕೈಹಿಡಿದು ಮುಂದೆ ಬಂದು ನಮಸ್ಕರಿಸುತ್ತಾರೆ. ಆ ಚಪ್ಪಾಳೆ ಇಬ್ಬರಿಗೂ ಸಮನಾಗಿ ಸಲ್ಲಬೇಕಾದದ್ದು. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಎರಡು ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿಸಿದರೆ, ಸಭಿಕರು ಅರ್ಧ ಸಂಗೀತವನ್ನು ಕೇಳದೆಯೇ ಮನೆಗೆ ಹೋಗುವುದು ಸ್ವಲ್ಪವಾದರೂ ತಪ್ಪೀತು.